ಶ್ವಾಸಕೋಶದ ಗಂಟನ್ನು ಶಬ್ದದಿಂದ ಮುಟ್ಟಿ ನೋಡುವ ಕ್ರಮ

ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂಬುದನ್ನು ನಮ್ಮ ಹಿರಿಯರು ಅದನ್ನು ತಟ್ಟಿ, ಹೊರಡುವ ನಾದದಿಂದ ತಿಳಿಯುತ್ತಾರೆ. ಮಾವಿನ ಹಣ್ಣನ್ನಾದರೋ ಬೆರಳಿನಿಂದ ಮೆಲ್ಲನೆ ಒತ್ತಿ ನೋಡುತ್ತಾರೆ. ವೈದ್ಯನ ಕೈಗೂ ಇವೆರಡು ಹಳೆಯ ಉಪಾಯಗಳೇ ಸರಿ. ಆಸ್ಟ್ರಿಯಾ ದೇಶದ ಔಯೆನ್‌ಬ್ರುಗ್ಗರ್ ಎಂಬ ವೈದ್ಯನು ರೋಗಿಯ ಎದೆಯನ್ನು ತಟ್ಟಿ ಒಳಗಿನ ಸ್ಥಿತಿಯನ್ನು ಅರಿಯುವ ವಿಧಾನವನ್ನು 1761ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಆದರೆ ಒತ್ತಿ ನೋಡುವ ಉಪಾಯ ಶ್ವಾಸಕೋಶಕ್ಕೆ ಸಲ್ಲದು. ಕುತ್ತಿಗೆಯ ಗಂಟು ಬೆರಳಿಗೆ ಸಿಕ್ಕುತ್ತದೆ. ಶ್ವಾಸಕೋಶದ ಗಂಟು ಪಕ್ಕೆಲುಬುಗಳ ಪಂಜರದೊಳಗೆ ಅಡಗಿರುತ್ತದೆ.

ಬೆರಳು ಹೋಗದ ಕಡೆಗೆ ಶಬ್ದವನ್ನು ಕಳುಹಿಸಬಹುದಲ್ಲವೇ? ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ, ಸೆಕೆಂಡಿಗೆ ಹಲವು ಲಕ್ಷ ಕಂಪನಗಳುಳ್ಳ ಧ್ವನಿಯನ್ನು ದೇಹದೊಳಕ್ಕೆ ಬಿಟ್ಟು, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವುದೇ ಅಲ್ಟ್ರಾಸೌಂಡ್. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಓಫಿರ್ ಮತ್ತು ಅವರ ಸಂಗಡಿಗರು 1991ರಲ್ಲಿ ಇದಕ್ಕೆ ಹೊಸದೊಂದು ಉಪಯೋಗವನ್ನು ತೋರಿಸಿದರು. ಅಂಗವನ್ನು ತುಸು ಒತ್ತುವ ಮೊದಲು ಒಂದು ಬಾರಿ, ಒತ್ತಿದ ಮೇಲೆ ಒಂದು ಬಾರಿ ಪ್ರತಿಧ್ವನಿಯನ್ನು ಪಡೆದು ಹೋಲಿಸಿದರೆ, ಮೆತ್ತಗಿನ ಭಾಗ ಹೆಚ್ಚು ಕುಗ್ಗಿರುವುದೂ ಗಡಸಾದ ಭಾಗ ಅಷ್ಟು ಕುಗ್ಗದಿರುವುದೂ ಗೊತ್ತಾಗುತ್ತದೆ. ಈ ಕ್ರಮಕ್ಕೆ ಅವರು ಎಲಾಸ್ಟೋಗ್ರಫಿ ಎಂದು ಹೆಸರಿಟ್ಟರು.

ಅನಂತರ ಬಂದ ಯಂತ್ರಗಳಲ್ಲಿ ಒತ್ತುವ ಕೆಲಸವನ್ನೂ ಶಬ್ದವೇ ಮಾಡುತ್ತದೆ. ಬಟ್ಟೆ ಒಣಹಾಕುವ ಹಗ್ಗವನ್ನು ಒಂದು ತುದಿಯಲ್ಲಿ ಅಲುಗಿಸಿ ನೋಡಿರಿ. ಹಗ್ಗ ಸಡಿಲವಾಗಿದ್ದರೆ ಅಲೆ ನಿಧಾನವಾಗಿ ಸಾಗುವುದು, ಬಿಗಿಯಾಗಿದ್ದರೆ ಓಡುವುದು. ಅದರಂತೆ ಶಬ್ದದ ಬಲವಾದೊಂದು ನೂಕಿನಿಂದ ಮಾಂಸದಲ್ಲಿ ಏಳುವ ಅಡ್ಡ ಅಲೆಯೂ ಗಡಸಾದ ಕಡೆ ಬೇಗ ಸಾಗುತ್ತದೆ. ಅಲ್ಟ್ರಾಸೌಂಡ್ ಮಾಂಸದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರು ಚಲಿಸಿದರೆ, ಈ ಅಲೆ ಸಾಮಾನ್ಯವಾಗಿ 1ರಿಂದ 10 ಮೀಟರು ಮಾತ್ರ. ಆದ್ದರಿಂದಲೇ ಯಂತ್ರವು ಅದನ್ನು ಹಿಂಬಾಲಿಸಬಲ್ಲುದು. ಅಲೆಯ ವೇಗ ಇಮ್ಮಡಿಯಾದರೆ ಗಡಸುತನ ನಾಲ್ಮಡಿಯೆಂದು ಲೆಕ್ಕ: ವೇಗ 2 ಮೀಟರಾದರೆ ಸುಮಾರು 12 ಕಿಲೋಪಾಸ್ಕಲ್, 4 ಮೀಟರಾದರೆ 48. ಮೇಲಿನ ತರಗತಿಯ ವಿದ್ಯಾರ್ಥಿಗಳು 6 ಮೀಟರಿಗೆ ಎಷ್ಟೆಂದು ತಾವೇ ಗುಣಿಸಿ ನೋಡಬಹುದು.

ಶ್ವಾಸಕೋಶದ ವಿಷಯದಲ್ಲಿ ಮಾತ್ರ ಗಾಳಿಯೇ ದೊಡ್ಡ ಅಡ್ಡಿ. ಮಾಂಸದಿಂದ ಗಾಳಿಗೆ ದಾಟುವ ಎಡೆಯಲ್ಲಿ ಈ ಧ್ವನಿಯ ನೂರಕ್ಕೆ 99 ಪಾಲಿಗೂ ಮಿಕ್ಕು ಹಿಂದಿರುಗುತ್ತದೆ. ಪರೀಕ್ಷೆಗೆ ಮುಂಚೆ ಚರ್ಮಕ್ಕೆ ತಣ್ಣನೆಯ ಲೇಪ ಹಚ್ಚುವುದೂ ನಡುವಣ ಗಾಳಿಯನ್ನು ನೀಗಿಸುವುದಕ್ಕಾಗಿಯೇ. ಆದ್ದರಿಂದ ಗಾಳಿ ತುಂಬಿದ ಶ್ವಾಸಕೋಶದ ನಡುವೆ ಹುದುಗಿರುವ ಗಂಟು ಎದೆಯ ಮೇಲಿಟ್ಟ ಯಂತ್ರಕ್ಕೆ ಕಾಣದು. ಅದಕ್ಕೆ ಎಕ್ಸ್‌ರೇ ಅಥವಾ ಸಿ.ಟಿ. ಚಿತ್ರ ಬೇಕೇ ಬೇಕು. ಶ್ವಾಸಕೋಶದ ಹೊರಪೊರೆಗೆ ತಾಗಿಕೊಂಡಿರುವ ಗಂಟಾದರೆ, ಎರಡು ಪಕ್ಕೆಲುಬುಗಳ ನಡುವಿನ ಸಂದಿನಿಂದ ಅದನ್ನು ಅಳೆಯಬಹುದು.

ಹಾಗೆ ಅಳೆದಾಗ ಅರ್ಬುದದ ಗಂಟು ನ್ಯುಮೋನಿಯಾದಿಂದ ಘನವಾದ ಭಾಗಕ್ಕಿಂತ ಸಾಮಾನ್ಯವಾಗಿ ಹೆಚ್ಚು ಗಡಸಾಗಿರುತ್ತದೆ. ಸಾಮಾನ್ಯವಾಗಿ ಎಂಬ ಮಾತನ್ನು ತಂದೆತಾಯಿಗಳು ಗಮನಿಸಬೇಕೆಂದು ನಾವು ಬೇಡುತ್ತೇವೆ. ಮನೆಯ ಹಿರಿಯರೊಬ್ಬರ ಎದೆಯಲ್ಲಿ ‘ಗಟ್ಟಿ ಗಂಟು’ ಇದೆಯೆಂದು ಕೇಳಿದೊಡನೆ ಅನ್ನಬಿಟ್ಟು ಅಳುವವರುಂಟು. ಆದರೆ ಕ್ಷಯರೋಗ ವಾಸಿಯಾದ ಮೇಲೆ ಉಳಿಯುವ ಕಲೆಯೂ ಗಡಸಾಗಿರಬಹುದು. ಇತ್ತ ಅರ್ಬುದದ ನಡುಭಾಗ ಸತ್ತು ಕೊಳೆತಿದ್ದರೆ ಅದು ಮೆತ್ತಗೆ ತೋರೀತು. ಗಂಟಿನ ತುಣುಕನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೂ ನಿರ್ಣಯವಿಲ್ಲ. ಆ ಸೂಜಿಯನ್ನು ಸತ್ತ ಭಾಗಕ್ಕೆ ಚುಚ್ಚದೆ ಜೀವಂತ ಭಾಗಕ್ಕೆ ಚುಚ್ಚಲು ಈ ಗಡಸುತನದ ಚಿತ್ರ ನೆರವಾಗಬಲ್ಲುದು.

ಈ ಪರೀಕ್ಷೆಯಲ್ಲಿ ಎಕ್ಸ್‌ರೇ ಕಿರಣಗಳಿಲ್ಲ, ನೋವೂ ಇಲ್ಲ. ಉಸಿರಾಟದಿಂದಲೂ ಹೃದಯದ ಬಡಿತದಿಂದಲೂ ಗಂಟು ಅಲುಗಾಡಿದರೆ ಅಳತೆ ತಪ್ಪುತ್ತದೆ. ಹೃದಯವನ್ನಂತೂ ನಿಲ್ಲಿಸುವಂತಿಲ್ಲ, ಅದಕ್ಕಾಗಿ ಉಸಿರನ್ನಾದರೂ ಕ್ಷಣಕಾಲ ಹಿಡಿದಿರಿ ಎಂದು ವೈದ್ಯರು ಹೇಳುತ್ತಾರೆ.