ಬೇಸ್‌ಬಾಲ್ ಮನೆ ಸೇರಿದ ಮಗಳಿಗೆ

ಮಗಳೇ,

ಬಾಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಹುಡುಗನ ಕೈ ಹಿಡಿದಿದ್ದೀಯ. ನೀನು ವಿಶ್ವಕಪ್ ಫೈನಲ್ ಬಂದಾಗ ಮಾತ್ರ ಟಿವಿ ಮುಂದೆ ಕೂರುವವಳು. ಅವನೋ ರೆಡ್ ಸಾಕ್ಸ್ ತಂಡದ ಒಂದು ಪಂದ್ಯವನ್ನೂ ಬಿಡುವವನಲ್ಲ. "ದಿನಾ ಅದೇನು ನೋಡೋದು ದೊಡ್ಡಮ್ಮ, ಸಾಕಾಗಿ ಹೋಗಿದೆ" ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ನಾಲ್ಕು ಮಾತು. ನಾನೂ ಅಂಥದೇ ಮನೆಯಲ್ಲಿ ಬಾಳಿದವಳು.

ಮೊದಲು ಈ ಆಟದ ಲೆಕ್ಕ ತಿಳಿದುಕೋ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯ ಆಡುತ್ತದೆ. 2001ರಲ್ಲಿ ಸಿಯಾಟಲ್ ಮರಿನರ್ಸ್ 116 ಪಂದ್ಯ ಗೆದ್ದು ದಾಖಲೆ ಸರಿಗಟ್ಟಿತು. ಆ ವರ್ಷವೂ ಅದು 46 ಪಂದ್ಯ ಸೋತಿತ್ತು. ಸೋಲು ಇಲ್ಲಿ ವಾರವಾರವೂ ಇದ್ದದ್ದೇ. ಅವನ ಮುಖ ಸಪ್ಪಗಾದ ರಾತ್ರಿ ಸಮಾಧಾನ ಹೇಳಲು ಹೋಗಬೇಡ, ಊಟಕ್ಕೆ ಕರೆ ಸಾಕು. ಆದರೆ "ಬರೀ ಆಟ ತಾನೇ" ಎಂಬ ಮಾತು ಮಾತ್ರ ನಿನ್ನ ಬಾಯಿಂದ ಬರಕೂಡದು.

ಯಾಕೆ ಗೊತ್ತೇ? 1918ರಲ್ಲಿ ವರ್ಲ್ಡ್ ಸೀರೀಸ್ ಪಟ್ಟ ಗೆದ್ದ ರೆಡ್ ಸಾಕ್ಸ್ ತಂಡ ಮತ್ತೆ ಗೆದ್ದದ್ದು 2004ರಲ್ಲಿ. ಕಾದದ್ದು 86 ವರ್ಷ. ಆ ಗೆಲುವಿನ ನಂತರದ ದಿನಗಳಲ್ಲಿ ಎಷ್ಟೋ ಜನ ತಮ್ಮ ಅಪ್ಪನ, ತಾತನ ಸಮಾಧಿಗೆ ಹೋಗಿ ತಂಡದ ಟೋಪಿ, ಬಾವುಟ ಇಟ್ಟು ಬಂದರು. ನಿನ್ನ ಗಂಡ ನೋಡುತ್ತಿರುವುದು ಅವರೆಲ್ಲ ನೋಡುತ್ತಿದ್ದ ಆಟವನ್ನೇ.

ಒಂದು ಸಲ ಅವನ ಜೊತೆ ಫೆನ್‌ವೇ ಪಾರ್ಕಿಗೆ ಹೋಗು. 1912ರ ಮೈದಾನ ಅದು. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ. ಒಂದು ಸ್ಕೋರ್‌ಕಾರ್ಡ್ ಕೊಂಡು ಪೆನ್ಸಿಲ್ ಹಿಡಿದು ಕೂತುಕೋ, ಬರೆಯುವುದನ್ನು ಹೇಳಿಕೊಡು ಅನ್ನು. ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ಅಂಕಿ ಇದೆ. 6-4-3 ಎಂದು ಬರೆದರೆ ಚೆಂಡು ಶಾರ್ಟ್‌ಸ್ಟಾಪ್‌ನಿಂದ ಎರಡನೇ ಬೇಸಿನವನಿಗೆ, ಅವನಿಂದ ಮೊದಲನೇ ಬೇಸಿನವನಿಗೆ ಹೋಗಿ ಇಬ್ಬರು ಔಟಾದರು ಎಂದರ್ಥ. ಬ್ಯಾಟ್ ಬೀಸಿ ಸ್ಟ್ರೈಕ್‌ಔಟ್ ಆದವನ ಚೌಕದಲ್ಲಿ ಇಂಗ್ಲಿಷಿನ 'ಕೆ' ಅಕ್ಷರ ಬರೆಯುತ್ತಾರೆ; ಬೀಸದೆ ನಿಂತೇ ಔಟಾದವನಿಗೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಎರಡು ಇನ್ನಿಂಗ್ಸ್ ನೀನೇ ಬರೆದರೆ, ಸುಮ್ಮನೆ ನಿಂತಂತೆ ಕಾಣುವ ಆಟದಲ್ಲಿ ಎಷ್ಟೆಲ್ಲ ನಡೆಯುತ್ತದೆ ಎಂದು ತಿಳಿಯುತ್ತದೆ. ಅವನ ಜೊತೆ ಮಾತಾಡಲು ಅಷ್ಟು ಸಾಕು.

ಹಾಗೆಂದು ಇಲ್ಲದ ಹುಚ್ಚು ಹಚ್ಚಿಕೊಂಡವಳಂತೆ ನಟಿಸಬೇಡ. ಅದು ಬಹಳ ದಿನ ನಡೆಯುವುದಿಲ್ಲ. ಪಂದ್ಯಗಳ ಪಟ್ಟಿ ಋತು ಶುರುವಾಗುವ ಮುಂಚೆಯೇ ಸಿಗುತ್ತದೆ. ಕ್ಯಾಲೆಂಡರ್ ಇಟ್ಟುಕೊಂಡು ಇಬ್ಬರೂ ಕೂತು ಯುಗಾದಿ, ಗಣೇಶನ ಹಬ್ಬ, ನಿನ್ನ ಹುಟ್ಟಿದ ದಿನ, ಊರಿಗೆ ಬರುವ ದಿನಗಳನ್ನು ಈಗಲೇ ಗುರುತು ಹಾಕಿ. ಆ ದಿನ ಟಿವಿ ಹಾಕುವಂತಿಲ್ಲ. ಉಳಿದ ಸಂಜೆ ಅವನು ನೋಡಲಿ, ನೀನು ನಿನ್ನ ಸಂಗೀತಕ್ಕೋ ಓದಿಗೋ ಕೂತುಕೋ. ಚೆಂಡೆಸೆಯಲು ಗಡಿಯಾರ ಇಟ್ಟ 2023ರಿಂದ ಪಂದ್ಯ ಸರಾಸರಿ ಎರಡೂಮುಕ್ಕಾಲು ಗಂಟೆಯೊಳಗೇ ಮುಗಿಯುತ್ತದೆ. ಏಳಕ್ಕೆ ಶುರುವಾದದ್ದು ಸಾಮಾನ್ಯವಾಗಿ ಹತ್ತರೊಳಗೆ ಮುಗಿಯುತ್ತದೆ.

ಅವನಿಗೂ ನನ್ನ ಮಾತು ತಲುಪಿಸು: ನಿನಗೆ ಇಷ್ಟವಾದದ್ದಕ್ಕೆ ಅವನೂ ಇಷ್ಟೇ ಬಿಡುವು ಮಾಡಿಕೊಳ್ಳಬೇಕು, ನಿನ್ನ ಸಂಗೀತ ಕಚೇರಿಗೆ ಬಂದು ಕೂರಬೇಕು, ರಾಗದ ಹೆಸರು ಕೇಳಿ ತಿಳಿದುಕೊಳ್ಳಬೇಕು.

ಅಭಿರುಚಿ ಬೇರೆಯಾದ ಮಾತ್ರಕ್ಕೆ ಯಾವ ಸಂಸಾರವೂ ಕೆಡುವುದಿಲ್ಲ. ಒಬ್ಬರ ಸಂತೋಷ ಇನ್ನೊಬ್ಬರಿಗೆ ಹಗುರವಾಗಿ ಕಂಡಾಗ ಕೆಡುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ, ಇಬ್ಬರೂ.