ಉಣ್ಣೆಯ ನೂಲು, ಬಣ್ಣ ಮತ್ತು ಹೆಣಿಗೆ



ಚಳಿಗಾಲದ ಬಿಡುವಿನ ವೇಳೆಯಲ್ಲಿ ಶಾಲೆಯ ಅಂಗಳದ ಬಿಸಿಲಿಗೆ ಕುಳಿತು ಹೆಣಿಗೆಯ ಕಡ್ಡಿಗಳನ್ನು ಆಡಿಸುವುದು ನಮಗೆ ಈ ದಿಲ್ಲಿಯು ಕಲಿಸಿದ ವಿದ್ಯೆ. ಚಿತ್ರದುರ್ಗದ ಸೀಮೆಯಿಂದ ಬಂದ ನಮಗೆ ಅದುವರೆಗೆ ಉಣ್ಣೆಯೆಂದರೆ ಕಂಬಳಿಯೊಂದೇ ಆಗಿತ್ತು. ಕಳೆದ ವರ್ಷ ಕೈಕೆಲಸದ ತರಗತಿಯಲ್ಲಿ ನಾವು ಮಾಡಿದ ಒಂದು ತಪ್ಪಿನಿಂದ ಕಲಿತುದನ್ನು ಇಲ್ಲಿ ನಿವೇದಿಸುತ್ತೇವೆ.

ಉಣ್ಣೆಯ ನೂಲೆಲ್ಲವೂ ಒಂದೇ ಜಾತಿಯದಲ್ಲ. ಉದ್ದನೆಯ ಎಳೆಗಳನ್ನು ಬಾಚಿ, ಒಂದರ ಪಕ್ಕಕ್ಕೊಂದು ಸಾಲಾಗಿರಿಸಿ ನೂತರೆ ನುಣುಪಾದ, ಗಟ್ಟಿಯಾದ ನೂಲಾಗುತ್ತದೆ. ಇದಕ್ಕೆ ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತದ ವರ್ಸ್ಟೆಡ್ ಎಂಬ ಹಳ್ಳಿಯ ಹೆಸರೇ ನಿಂತಿದೆ. ಗಿಡ್ಡ ಎಳೆಗಳನ್ನು ಹಿಂಜಿ, ಅವು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವಂತೆಯೇ ನೂತದ್ದು ಎರಡನೆಯ ಬಗೆ. ನಮ್ಮ ಚಳ್ಳಕೆರೆಯ ಕಡೆ ಕುರುಬರು ಕುರಿಯ ತುಪ್ಪಟವನ್ನು ಬಿಲ್ಲಿನಿಂದ ಹಿಂಜಿ, ನೂತು, ಹುಣಸೆಬೀಜದ ಗಂಜಿ ಹಚ್ಚಿ ನೇಯುವ ಕಂಬಳಿಯ ನೂಲೂ ಈ ಕುಲದ್ದೇ. ಇಂಥ ನೂಲಿನ ಒಳಗೆ ಗಾಳಿಯು ಸಿಕ್ಕಿಕೊಂಡಿರುತ್ತದೆ. ಆ ನಿಂತ ಗಾಳಿಯೇ ಮೈಯ ಶಾಖವನ್ನು ಹೊರಗೆ ಬಿಡದು. ಆದುದರಿಂದ ಹಗುರವಾದ ಸ್ವೆಟರಿಗೆ ಇದೇ ಲೇಸು. ಕಾಲುಚೀಲಕ್ಕೆ ಮಾತ್ರ ಬೇಡ. ಹಿಮ್ಮಡಿಯು ಬೇಗ ಸವೆದುಹೋಗುತ್ತದೆ.

ಇನ್ನು ಬಣ್ಣದ ವಿಚಾರ. ಉಣ್ಣೆಯು ಕೂದಲಿನಂತೆ ಪ್ರೋಟೀನಿನಿಂದಾದುದು. ಹುಳಿಯ ಸಹಾಯವಿದ್ದರೆ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಅರಿಶಿನವು ಅಂದವಾದ ಹಳದಿಯನ್ನು ಕೊಟ್ಟರೂ ಬಿಸಿಲಿಗೆ ಮಾಸುತ್ತದೆ. 1856ರಲ್ಲಿ ಲಂಡನ್ನಿನ 18 ವರ್ಷದ ತರುಣ ವಿಲಿಯಂ ಪರ್ಕಿನ್ನನು ಕ್ವಿನೈನನ್ನು ತಯಾರಿಸಲು ಹೋಗಿ ನೇರಳೆ ಬಣ್ಣವನ್ನು ಪಡೆದನು. ಕೃತಕ ಬಣ್ಣಗಳ ಉದ್ಯಮವು ಅಲ್ಲಿಂದ ಬೆಳೆಯಿತು. ನಾವು ತಂದುದು ವಿನಿಗರ್ ಹಾಕಿ ಕಾಯಿಸುವ ಪುಡಿಬಣ್ಣ.

ಏಳನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನಿಗೆ ಸ್ವೆಟರು ಹೆಣೆಯಲೆಂದು ಬಿಳಿಯ ನೂಲಿನ ಲಡಿಗಳನ್ನು ತಂದಿದ್ದಳು. ತಾಯಿಯು ಮನೆಖರ್ಚಿನಲ್ಲಿ ಉಳಿಸಿ ಕೊಡಿಸಿದ ನೂಲು. ಬಣ್ಣವು ಸೊಗಸಾಗಿಯೇ ಹಿಡಿಯಿತು. ಅಷ್ಟರಲ್ಲಿ ಗಂಟೆ ಬಾರಿಸಿತು. ನಾವು ಅವಸರದಿಂದ ಬಿಸಿ ಲಡಿಗಳನ್ನು ಜನವರಿಯ ನಲ್ಲಿನೀರಿಗೆ ಹಿಡಿದು ತಿಕ್ಕಿ ತೊಳೆದೆವು. ಲಡಿಯು ಹಗ್ಗವಾಯಿತು! ಹುಡುಗಿಯು ಏನೂ ಅನ್ನದೆ ಎಳೆಗಳನ್ನು ಬಿಡಿಸಲು ಎಳೆಯುತ್ತಲೇ ಇದ್ದಳು.

ಕಾರಣವಿಷ್ಟೆ. ಉಣ್ಣೆಯ ಎಳೆಯ ಮೈಮೇಲೆ ಮೀನಿಗಿರುವಂಥ ಸೂಕ್ಷ್ಮವಾದ ಹುರುಪೆಗಳಿವೆ. ಬಿಸಿ, ನೀರು, ತಿಕ್ಕಾಟ ಮೂರೂ ಕೂಡಿದರೆ ಅವು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಮತ್ತೆ ಬಿಡಿಸಲಾಗದು. ಕಾಶ್ಮೀರದವರು ನಮ್ದಾ ಎಂಬ ಹಾಸನ್ನು ಮಾಡುವುದು ಇದೇ ಗುಣದಿಂದ. ನಾವು ಬೇಡದೆಯೇ ನಮ್ದಾ ಮಾಡಿದ್ದೆವು.

ಬೇರೆ ನೂಲನ್ನು ನಾವೇ ಕೊಂಡು ತಂದು ಪುನಃ ತೊಡಗಿದೆವು. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಣ್ಣದ ನೀರಿಗೆ ಇಳಿಸಿ, ಮೆಲ್ಲನೆ ಕಾಯಿಸಬೇಕು. ನೀರು ಕುದಿಯಕೂಡದು, ಸುಮಾರು 85 ಡಿಗ್ರಿ ಸೆಂಟಿಗ್ರೇಡ್ ಸಾಕು. ಸೌಟಿನಿಂದ ಕಲಕದೆ ಮೆಲ್ಲಗೆ ಒತ್ತಿದರಾಯಿತು. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತೆಗೆದುಕೊಳ್ಳಬಾರದು. ಈ ಸಲ ಲಡಿಗಳು ಅದೇ ನೀರಿನಲ್ಲಿ ರಾತ್ರಿಯೆಲ್ಲಾ ಆರಿದವು. ಬೆಳಿಗ್ಗೆ ನೋಡಿದರೆ ನೀರು ತಿಳಿಯಾಗಿತ್ತು, ಬಣ್ಣವೆಲ್ಲವೂ ನೂಲಿನಲ್ಲಿತ್ತು.

ಕೈಬಣ್ಣದಲ್ಲಿ ಎರಡು ಲಡಿಗಳು ತದ್ವತ್ತಾಗುವುದು ಅಪರೂಪ. ಎರಡು ಉಂಡೆಗಳಿಂದ ಎರಡೆರಡು ಸಾಲುಗಳನ್ನು ಸರದಿಯಂತೆ ಹೆಣೆದರೆ ಭೇದವು ಕಣ್ಣಿಗೆ ಹೊಡೆಯದು. ಕುಣಿಕೆಗಳನ್ನು ಬಿಗಿ ಮಾಡದಿರುವುದು ಒಳ್ಳೆಯದು. ತೊಳೆದ ಮೇಲೆ ಹಿಂಜಿದ ನೂಲು ಅರಳಿ ಸಂದುಗಳನ್ನು ತುಂಬುತ್ತದೆ. ಆದುದರಿಂದ ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು, ತೊಳೆದು, ಒಣಗಿಸಿ, ಆಮೇಲೆಯೇ ಅಳತೆಯ ಲೆಕ್ಕ ಹಾಕತಕ್ಕದ್ದು. ಹುಡುಗಿಯು ತೊಳೆಯದೆಯೇ ಅಳೆದಿದ್ದಳು.

ಫೆಬ್ರವರಿಯ ಮೊದಲ ವಾರದಲ್ಲಿ ಸ್ವೆಟರು ಮುಗಿಯಿತು. ತೋಳುಗಳು ಎರಡು ಅಂಗುಲ ಉದ್ದವಾಗಿವೆ. ತಮ್ಮನು ಅವನ್ನು ಮಡಿಚಿ ತೊಟ್ಟುಕೊಳ್ಳುತ್ತಾನೆ.