ಹೆಸರಿಲ್ಲದ ಉಡುಗೊರೆ

ಉಡುಗೊರೆ ಎಂದೊಡನೆ ನಮ್ಮ ಕಣ್ಣಮುಂದೆ ಇಬ್ಬರು ನಿಲ್ಲುತ್ತಾರೆ: ಕೊಡುವವರು ಮತ್ತು ಪಡೆಯುವವರು. ಮದುವೆಯ ಮನೆಯಲ್ಲಾಗಲಿ, ಶಾಲೆಯ ವಾರ್ಷಿಕೋತ್ಸವದಲ್ಲಾಗಲಿ, ಕೊಟ್ಟವರಾರು, ಪಡೆದವರಾರು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಆದರೆ ಕೊಟ್ಟವರು ಮರೆಯಾಗಿ, ಪಡೆಯುವವರು ಯಾರೆಂಬುದನ್ನು ದಾರಿಗೇ ಬಿಟ್ಟುಬಿಡುವ ಉಡುಗೊರೆಯೂ ಒಂದುಂಟು. ಅದರ ಮರ್ಮವನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿ, ಒಂದು ತಪ್ಪು ಮಾಡಿ ಕಲಿತೆ.

ಕುಂದಾಪುರದ ಸಮೀಪದ ನಮ್ಮ ಹಳ್ಳಿ ಹೊಳೆಯ ದಡದಲ್ಲಿತ್ತು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿ ಒಂದಾಗಿ ಕಡಲನ್ನು ಸೇರುವ ಆ ಸೀಮೆಯಲ್ಲಿ ಸೇತುವೆಗಳು ವಿರಳವಾಗಿದ್ದ ಕಾಲವದು. ಆಚೆ ದಡಕ್ಕೆ ಹೋಗಬೇಕಾದವರು ಕಡವಿನ ಕಟ್ಟೆಯ ಮೇಲೆ ಕುಳಿತು ದೋಣಿಗಾಗಿ ಕಾಯುತ್ತಿದ್ದರು. ಅಂಗಳದಲ್ಲಿ ಮಡಲು ಹೆಣೆಯುತ್ತಿದ್ದ ನನ್ನ ಅಜ್ಜಿ, ಉಳಿದ ಹಸಿ ಗರಿಗಳಿಂದ ಗಿಳಿ, ಹಾವು, ಪೀಪಿಗಳನ್ನು ಮಾಡಿ ಆ ಕಟ್ಟೆಯ ಮೇಲೆ ಸದ್ದಿಲ್ಲದೆ ಇಟ್ಟು ಬರುತ್ತಿದ್ದಳು. "ಇದ್ ಯಾರಿಗೆ ಅಜ್ಜಿ?" ಎಂದು ನಾನು ಕೇಳಿದರೆ, "ಯಾರಿಗ್ ಸಿಕ್ಕುತ್ತೋ ಅವ್ರಿಗೆ, ಮಗಾ" ಎಂಬುದಷ್ಟೇ ಅವಳ ಉತ್ತರವಾಗಿತ್ತು.

ಒಂದು ದಿನ ನಾನೇ ಒಂದು ಗಿಳಿಯನ್ನು ಹೆಣೆದೆ. ಅದು ಅಜ್ಜಿಯ ಗಿಳಿಗಿಂತಲೂ ಚೆನ್ನಾಗಿದೆಯೆಂದು ನನಗೆ ತೋರಿತು. ಇಂತಹ ಗಿಳಿಯನ್ನು ಮಾಡಿದವನು ಯಾರೆಂದು ಜನರಿಗೆ ತಿಳಿಯದಿದ್ದರೆ ಹೇಗೆ? ನೋಟುಪುಸ್ತಕದ ಹಾಳೆಯ ಚೂರಿನಲ್ಲಿ ನನ್ನ ಹೆಸರು, ತರಗತಿಗಳನ್ನು ಬರೆದು, ಗಿಳಿಯ ಕೊರಳಿಗೆ ಕಟ್ಟಿ, ಕಟ್ಟೆಯ ಮೇಲಿರಿಸಿ, ಮರದ ಮರೆಯಲ್ಲಿ ಅಡಗಿ ಕುಳಿತೆ.

ತುಸು ಹೊತ್ತಿನಲ್ಲಿ ಜ್ವರದಿಂದ ಬಳಲಿದ ಮಗುವೊಂದನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಳು. ಕುಂದಾಪುರದ ಆಸ್ಪತ್ರೆಗೆ ಹೊರಟವಳಿರಬೇಕು. ಅಳುತ್ತಿದ್ದ ಮಗು ಗಿಳಿಯನ್ನು ಕಂಡೊಡನೆ ಅಳು ನಿಲ್ಲಿಸಿ, ಅದನ್ನು ಎದೆಗವಚಿಕೊಂಡಿತು. ನನ್ನ ಹಿಗ್ಗಿಗೆ ಎಣೆಯೇ ಇರಲಿಲ್ಲ. ಅಷ್ಟರಲ್ಲಿ ತಾಯಿ ಆ ಚೀಟಿಯನ್ನು ಓದಿದಳು. "ಇದ್ ಯಾರೋ ಶಾಲಿ ಮಕ್ಳದ್ದ್. ಹೆಸ್ರ್ ಬರ್ದಿತ್ತ್. ಅಲ್ಲೇ ಇಡ್ ಮಗಾ" ಎಂದು ಮಗುವಿನ ಬೆರಳುಗಳನ್ನು ಮೆಲ್ಲನೆ ಬಿಡಿಸಿ, ಗಿಳಿಯನ್ನು ಇದ್ದಲ್ಲಿಯೇ ಇಟ್ಟು ದೋಣಿ ಹತ್ತಿದಳು. ನಾಚಿಕೆಯನ್ನು ತೊರೆದು ನಾನು ಓಡಿ ಬರುವಷ್ಟರಲ್ಲಿ ದೋಣಿ ನಡುಹೊಳೆಯಲ್ಲಿತ್ತು. ಮಗುವಿನ ಅಳು ನೀರಿನ ಮೇಲಿಂದ ಕೇಳಿಬರುತ್ತಿತ್ತು.

ಅಜ್ಜಿ ನನ್ನನ್ನು ಗದರಲಿಲ್ಲ. "ಹೆಸ್ರ್ ಬರ್ದ ಮೇಲೆ ಅದ್ ನಿಂದೇ ಆಯ್ತಲ್ಲ ಮಗಾ, ಅವ್ರದ್ದ್ ಹ್ಯಾಂಗೆ ಆಪುದ್?" ಎಂದಳು.

ಆ ಮಾತಿನ ಅರ್ಥ ನನಗೆ ವರ್ಷಗಳು ಕಳೆದಂತೆ ವಿಶದವಾಯಿತು. ನಮ್ಮ ನಾಡಿಗೆ ಇದು ಹೊಸದಲ್ಲ. ಬೇಸಿಗೆಯ ದಾರಿಯಲ್ಲಿ ನೀರು, ಬೆಲ್ಲ, ಮಜ್ಜಿಗೆಗಳನ್ನಿರಿಸುವ ಅರವಟ್ಟಿಗೆಗಳು ಅಪರಿಚಿತರಿಗಾಗಿಯೇ ಹುಟ್ಟಿದವು. ಅವುಗಳಿಗಾಗಿ ಬಿಟ್ಟ ದತ್ತಿಗಳನ್ನು ಕನ್ನಡ ಶಾಸನಗಳು ಹೇಳುತ್ತವೆ. ಭೂಮಿ ಕೊಟ್ಟ ಅರಸರ ಮತ್ತು ಅಧಿಕಾರಿಗಳ ಹೆಸರುಗಳು ಕಲ್ಲಿನಲ್ಲಿ ಉಳಿದಿವೆ. ಆದರೆ ದಿನವೂ ಕೊಡದಲ್ಲಿ ನೀರು ತಂದು, ಬಾಯಾರಿದವರ ಬೊಗಸೆಗೆ ಎರೆದ ಕೈಗಳ ಹೆಸರು ಎಲ್ಲಿಯೂ ಇಲ್ಲ. ನೀರು ಕುಡಿದವರ ದಾಹ ಮಾತ್ರ ಅದರಿಂದ ಕಡಿಮೆ ತಣಿಯಲಿಲ್ಲ.

ಚಂಡೀಗಢದಲ್ಲಿ ರಸ್ತೆ ಮೇಲ್ವಿಚಾರಕರಾಗಿದ್ದ ನೇಕ್ ಚಂದ್ ಎಂಬುವರು 1957ರ ಸುಮಾರಿಗೆ, ಒಡೆದ ಬಳೆ, ಪಿಂಗಾಣಿ, ಹೆಂಚುಗಳ ಚೂರುಗಳನ್ನು ಕೂಡಿಸಿ, ಊರಿನಂಚಿನ ಕಾಡಿನಲ್ಲಿ ಗುಟ್ಟಾಗಿ ಬೊಂಬೆಗಳನ್ನು ಮಾಡತೊಡಗಿದರು. ಅದು ಸರಕಾರದ ಭೂಮಿ. ಸುಮಾರು 18 ವರ್ಷಗಳ ಅನಂತರ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ, ಅದನ್ನು ಕೆಡಹಿಬಿಡುವ ಭಯವಿತ್ತು. ಆದರೆ ಜನರು ಅದನ್ನು ಮೆಚ್ಚಿದರು. 1976ರಲ್ಲಿ ಅದು ಎಲ್ಲರಿಗೂ ತೆರೆದ ಶಿಲೋದ್ಯಾನವಾಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಕಾವ್ಯ ಗ್ರಂಥಾಲಯವೊಂದರಲ್ಲಿ 2011ರಲ್ಲಿ, ಹಳೆಯ ಪುಸ್ತಕದ ಹಾಳೆಗಳಿಂದ ಕತ್ತರಿಸಿ ಮಾಡಿದ ಪುಟ್ಟ ಮರವೊಂದು ಮೇಜಿನ ಮೇಲೆ ಕಾಣಿಸಿಕೊಂಡಿತು. ಅದೇ ವರ್ಷ ಆ ನಗರದಲ್ಲಿ ಇಂತಹ ಹತ್ತು ಕಾಗದದ ಶಿಲ್ಪಗಳು ಸಿಕ್ಕವು. ಗ್ರಂಥಾಲಯಗಳ ಮೇಲಿನ ಪ್ರೀತಿಯೇ ಆ ಕೊಡುಗೆಯ ಕಾರಣವಾಗಿತ್ತು. ಮಾಡಿದವರು ತಮ್ಮ ಹೆಸರನ್ನು ಪ್ರಕಟಿಸಲಿಲ್ಲ.

ಆದರೆ ಕೊಡುವ ಉತ್ಸಾಹಕ್ಕೆ ವಿವೇಕದ ಕಡಿವಾಣವೂ ಬೇಕು. ಕುಂದಾಪುರದ ಕೋಡಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅಲ್ಲಿ ಹಚ್ಚಿಟ್ಟ ದೀಪ ನಮಗೆ ಸೊಗಸಾಗಿ ಕಂಡರೂ, ಆಗತಾನೆ ಮೊಟ್ಟೆಯೊಡೆದ ಮರಿಗಳು ಬೆಳಕಿಗೆ ಮೋಸಹೋಗಿ ಕಡಲಿನ ದಿಕ್ಕನ್ನು ತಪ್ಪುತ್ತವೆ. ಪ್ಲಾಸ್ಟಿಕ್ಕಿನ ಗೊಂಬೆ ಒಂದು ಮಳೆಗಾಲ ಕಳೆಯುವುದರೊಳಗೆ ಕಸವಾಗುತ್ತದೆ. ಬೈಂದೂರು, ಬಾರ್ಕೂರುಗಳಂತಹ ರೈಲು ನಿಲ್ದಾಣಗಳಲ್ಲಿ ವಾರಸುದಾರರಿಲ್ಲದ ಗಂಟನ್ನು ಕಂಡರೆ ಜನ ಹಿಗ್ಗುವುದಿಲ್ಲ, ಹೆದರುತ್ತಾರೆ, ಹೆದರಬೇಕಾದುದೂ ಸರಿಯೇ. ಆದುದರಿಂದ ಇಡುವ ವಸ್ತು ಮಣ್ಣಿನಲ್ಲಿ ಮಣ್ಣಾಗುವಂತಹುದಾಗಿರಲಿ, ಮುಚ್ಚುಮರೆಯಿಲ್ಲದೆ ಕಾಣುವಂತಿರಲಿ, ಇಡುವ ಸ್ಥಳಕ್ಕೆ ಒಡೆಯರಿದ್ದರೆ ಅವರ ಅನುಮತಿಯಿರಲಿ. ಹೆಸರನ್ನು ಮರೆಮಾಡುವುದು ಹೊಣೆಯನ್ನು ಕಳಚಿಕೊಳ್ಳುವುದಕ್ಕಲ್ಲ.

ಅಂದು ಅಳುತ್ತ ಹೋದ ಮಗುವನ್ನು ನಾನು ಮತ್ತೆ ಕಾಣಲಿಲ್ಲ. ಆ ಕಡವಿನಲ್ಲಿ ಈಗ ದೋಣಿಯೂ ಇಲ್ಲ. ಆದರೂ ಹಸಿ ಗರಿ ಕೈಗೆ ಸಿಕ್ಕಾಗಲೆಲ್ಲ ಒಂದು ಗಿಳಿಯನ್ನು ಹೆಣೆದು, ಬಸ್ಸಿನ ತಂಗುದಾಣದ ಕಟ್ಟೆಯ ಮೇಲಿಟ್ಟು ಹೊರಟುಬಿಡುತ್ತೇನೆ. ಅದರ ಕೊರಳಲ್ಲಿ ಚೀಟಿಯಿರುವುದಿಲ್ಲ. ನಾನು ಹಿಂದಿರುಗಿ ನೋಡುವುದೂ ಇಲ್ಲ.

ಪದಗಳ ಅರ್ಥ

ಮರ್ಮ – ಒಳಗುಟ್ಟು; ಕಡವು – ದೋಣಿಯಲ್ಲಿ ಹೊಳೆ ದಾಟುವ ಸ್ಥಳ; ಮಡಲು – ತೆಂಗಿನ ಸೋಗೆ; ಎಣೆ – ಸಾಟಿ; ಹ್ಯಾಂಗೆ ಆಪುದ್ – ಹೇಗೆ ಆಗುವುದು; ದತ್ತಿ – ದಾನವಾಗಿ ಬಿಟ್ಟ ಸ್ವತ್ತು; ವಿಶದ – ಸ್ಪಷ್ಟ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅಜ್ಜಿ ಗರಿಯ ಆಟಿಕೆಗಳನ್ನು ಎಲ್ಲಿ ಇಟ್ಟು ಬರುತ್ತಿದ್ದಳು?
2. ನೇಕ್ ಚಂದರು ಯಾವ ವಸ್ತುಗಳಿಂದ ಬೊಂಬೆಗಳನ್ನು ಮಾಡಿದರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ತಾಯಿ ಗಿಳಿಯನ್ನು ಕಟ್ಟೆಯ ಮೇಲೆಯೇ ಬಿಟ್ಟುಹೋದುದೇಕೆ?
2. ಕೋಡಿಯ ಕಡಲತಡಿಯಲ್ಲಿ ದೀಪವಿಡಬಾರದೇಕೆ?

ಇ. ಸಂದರ್ಭದೊಡನೆ ವಿವರಿಸಿರಿ.
1. "ಯಾರಿಗ್ ಸಿಕ್ಕುತ್ತೋ ಅವ್ರಿಗೆ, ಮಗಾ."
2. "ಹೆಸರನ್ನು ಮರೆಮಾಡುವುದು ಹೊಣೆಯನ್ನು ಕಳಚಿಕೊಳ್ಳುವುದಕ್ಕಲ್ಲ."

ಈ. ನಿಮ್ಮ ಊರಿನಲ್ಲಿ ದಾರಿಹೋಕರಿಗಾಗಿ ಹಿರಿಯರು ಮಾಡಿಟ್ಟಿರುವ ಅನುಕೂಲವೊಂದನ್ನು ಗುರುತಿಸಿ, ಅದರ ಬಗ್ಗೆ ಒಂದು ಪುಟದಷ್ಟು ಬರೆಯಿರಿ.